ಪಾಲಹಳ್ಳಿ ಮದುವೆಯ ರಾಣಿ ಬೊಂಬೆ ಎಲ್ಲಿ?

ಬಾಯಲ್ಲಿ ಹೇಳಿದರೆ ನಮ್ಮ ಕುಶಲಕರ್ಮಿಗಳ ಸಂಘದ ಅಧ್ಯಕ್ಷರಿಗೆ ಕಿವಿ ಕೇಳುವುದಿಲ್ಲವಂತೆ. "ಬರ್ದು ಕೊಡಿ, ಮುಂದಿನ ತಿಂಗ್ಳು ಮೀಟಿಂಗಲ್ಲಿ ಇಡಾನ" ಅಂದರು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಉಳಿ ಹಿಡಿದವನು ನಾನು. ಅಧ್ಯಕ್ಷರೇ, ನನ್ನ ಕೈಲಿ ಬರೆಸಿದ್ದೀರಿ, ಈಗ ಊರೆಲ್ಲಾ ಓದಲಿ.

ಬೆಳಗೊಳದಲ್ಲಿ ನನ್ನ ಮರಗೆಲಸ. ಮದುವೆ ಹೆಣ್ಣಿಗೆ ತವರಿನವರು ಕೊಡುವ ಪಟ್ಟದ ಬೊಂಬೆ ಮಾಡುತ್ತೇನೆ. ರಾಜ, ರಾಣಿ ಎರಡೂ ಒಂದೇ ಮರದ ತುಂಡಿನಿಂದ ಹುಟ್ಟಬೇಕು. ಕೆಲಸ ಮುಗಿದ ಮೇಲೆ ಎರಡನ್ನೂ ಸೇರಿಸಿ ಅರಿಶಿನದ ದಾರ ಕಟ್ಟುತ್ತೇವೆ. ಆ ದಾರ ಬಿಚ್ಚುವವಳು ಹೆಣ್ಣಿನ ತಾಯಿ, ಬೇರೆ ಯಾರೂ ಅಲ್ಲ.

ಪಾಲಹಳ್ಳಿ ಜಯಮ್ಮ ಮಗಳ ಮದುವೆಗೆ ಬೊಂಬೆ ಕೇಳಿಕೊಂಡು ಬಂದಾಗ ಮರವನ್ನೂ ತಾನೇ ತಂದಿದ್ದಳು. ಮಗಳು ಮಲಗಿ ಬೆಳೆದ ತೊಟ್ಟಿಲಿನ ಕಾಲು. ತೊಟ್ಟಿಲು ಮುರಿದಿತ್ತು, ಅದೊಂದು ಕಾಲು ಗಟ್ಟಿಯಾಗಿತ್ತು.

ಆರ್ಡರ್ ಮಾಲು ಸಂಘದ ಅಂಗಡಿಯಿಂದಲೇ ಗಿರಾಕಿ ಕೈಗೆ ಹೋಗಬೇಕು ಅನ್ನುವುದು ರೂಲ್ಸು. ಶ್ರೀರಂಗಪಟ್ಟಣದ ಅಂಗಡಿಗೆ ಜೋಡಿಯನ್ನು ನಾನೇ ಕೊಟ್ಟು, ಇದು ಮದುವೆ ಮನೆಯದು, ಶೋಕೇಸಿಗೆ ಇಡಬೇಡಿ ಅಂತ ಹೇಳಿ ಬಂದೆ.

ಮೊನ್ನೆ ಜಯಮ್ಮನ ಜೊತೆ ತರಲು ಹೋದರೆ... ಮೇಲಿನ ಶೆಲ್ಫಿನಲ್ಲಿ ರಾಜರೆಲ್ಲಾ ಒಂದು ಸಾಲು, ಕೆಳಗೆ ರಾಣಿಯರೆಲ್ಲಾ ಒಂದು ಸಾಲು!

ಹೊಸದಾಗಿ ಬಂದ ಮ್ಯಾನೇಜರ್ ಡಿಸ್ಪ್ಲೇ ಚೆಂದ ಮಾಡಿದ್ದಾರಂತೆ. ದಾರ ಕೊಳೆಯಾಗಿ ಕಂಡಿತಂತೆ, ಕತ್ತರಿ ಹಾಕಿದರಂತೆ.

ತೊಟ್ಟಿಲಿನ ಮರದ ರಾಜ ಸಿಕ್ಕ. ರಾಣಿ ಇಲ್ಲ.

"ಟೂರಿಸ್ಟಿಗೆ ಲೇಡಿ ಒಂದೇ ಬೇಕಿತ್ತು ಯಜಮಾನ್ರೆ, ಕೊಟ್ವಿ. ನೀವು ಇನ್ನೊಂದು ರಾಣಿ ಮಾಡಿಬಿಡಿ" ಅಂದರು ಮ್ಯಾನೇಜರು, ಫೋನಿನಿಂದ ಕಣ್ಣೆತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ ಮದ್ವೇಲೂ ಇಂಗೇ ಶೆಲ್ಫ್ ನೋಡಿ ಜೋಡಿ ಮಾಡಿದ್ರಾ ಸ್ವಾಮಿ?" ಅಂದೆ.

ನಾಗಮಂಗಲದಿಂದ ಕಂಚಿನ ದೀಪ ಹೊತ್ತು ತಂದಿದ್ದ ಪುಟ್ಟಾಚಾರಿ ಅಲ್ಲೇ ಇದ್ದ. "ನನ್ ಜೋಡಿ ದೀಪಾನೂ ಒಂದೊಂದೇ ಮಾರವ್ರೆ ಕಣಣ್ಣ. ಒಂಟಿ ದೀಪ ಯಾವ ಮನೇಲಿ ಅಚ್ತಾರೆ? ಕೇಳಿದ್ರೆ ಸೇಲ್ಸು ಅಂತಾರೆ!"

ಜಯಮ್ಮ ಕೂಗಾಡಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು. ಅವಳು ರಾಜನನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಇವ್ನನ್ನಾದ್ರೂ ಇಲ್ಲಿ ಬುಡಾಕಿಲ್ಲ ಕಣಣ್ಣ. ಮಗ್ಳು ಕೇಳಿದ್ರೆ ಏನ್ ಏಳ್ಲಿ, ನೀನೇ ಏಳು."

ಏನು ಹೇಳಲಿ? ಬೇರೆ ಮರದಲ್ಲಿ ಹತ್ತು ರಾಣಿ ಕೆತ್ತಿಕೊಡುತ್ತೇನೆ. ಆ ತೊಟ್ಟಿಲಿನ ಕಾಲು ಇನ್ನೊಂದು ಎಲ್ಲಿಂದ ತರಲಿ?

ಅಧ್ಯಕ್ಷರ ಮನೆಗೇ ಹೋದೆ. ಕಾಫಿ ಕೊಟ್ಟರು, ಬೇಡ ಅಂದೆ. ಒಂದು ಬೊಂಬೆಗೆ ಇಷ್ಟು ರಂಪವಾ ಅಂತ ನಕ್ಕರು. ಆಮೇಲೆ ಆ ಮಾತು... ಬರೆದು ಕೊಡಿ.

ನಿಮ್ಮ ಮೀಟಿಂಗು ಮುಂದಿನ ತಿಂಗಳು. ಧಾರೆ ಈ ತಿಂಗಳು ಇಪ್ಪತ್ತೆಂಟಕ್ಕೆ.

ಸಂಘ ಕಟ್ಟಿದ್ದು ನಾವು. ಪಾಂಡವಪುರದವರು, ಕೆ.ಆರ್. ಪೇಟೆಯವರು, ನಾಗಮಂಗಲದವರು ಬಸ್ಸಿನಲ್ಲಿ ಮೂಟೆ ಹೊತ್ತು ತಂದು ಆ ಅಂಗಡಿ ತುಂಬಿದ್ದೇವೆ. ನಮ್ಮ ಮಾಲು ಏನು, ಯಾಕೆ ಅಂತ ಒಂದು ಮಾತು ಕೇಳದವರು ಅದಕ್ಕೆ ಕತ್ತರಿ ಯಾಕೆ ಹಾಕಬೇಕು?

ಆ ಟೂರಿಸ್ಟನ್ನು ಅಂಗಡಿಗೆ ಕರೆತಂದ ಗೈಡು ದಿನಾ ಕೋಟೆ ಹತ್ತಿರವೇ ನಿಂತಿರುತ್ತಾನೆ, ಮ್ಯಾನೇಜರಿಗೆ ಗುರುತಿನವನು. ಅವನನ್ನು ಕೇಳಿ. ಟೂರಿಸ್ಟಿಗೆ ಫೋನ್ ಮಾಡಿಸಿ. ಕೈಮುಗಿದು ವಾಪಸ್ ತರಿಸಿ.

ರಾಣಿ ಎಲ್ಲಿದ್ದಾಳೆ, ಯಾವತ್ತು ತರುತ್ತೀರಿ? ಇಪ್ಪತ್ತೈದನೇ ತಾರೀಕಿನೊಳಗೆ ಉತ್ತರ ಬೇಕು.