ಕೊನೆಯಿಂದ ನೋಡಿದ ವಿಡಿಯೋ

ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಹೆಂಡತಿ ಇಂಟರ್ನೆಟ್ಟಿನಲ್ಲಿ ಅರ್ಧ ನಿಮಿಷದ ವಿಡಿಯೋ ಕಳಿಸಿದ್ದಳು. ಹರಿಹರದಿಂದ ಬಸ್ಸು ಹಿಡಿದು ದಾವಣಗೆರೆಯ ಸೈಬರ್ ಸೆಂಟರಿಗೆ ಹೋದೆ. ಎರಡು ಸಲ ಲೈನ್ ಕಟ್ಟಾಗಿ, ಮೂರನೇ ಸಲ ಫೈಲ್ ಇಳಿಯಿತು.

ಪೂರ್ತಿ ಬಂದಿದೆಯೇ ಅಂತ ನೋಡಲು ಮಾಲೀಕರು ನೇರ ಅದರ ಕೊನೆಗೇ ಹೋದರು. ಎರಡು ವರ್ಷದ ಮೇಲೆ ಕಂಡ ಹೆಂಡತಿ ಕೈಬೀಸಿ ಮಾಯವಾದಳು.

“ಕೊನೀತನಕ ಬಂದೈತ್ರಿ. ಫೈಲ್ ಕೆಟ್ಟಿಲ್ಲ,” ಅಂತ ವಿಡಿಯೋ ಮುಚ್ಚಲು ಹೋದರು.

ಹೆಂಡತಿಯನ್ನು ನೋಡಬೇಕು ಅನ್ನಲು ನಾಚಿಕೆ. “ನಡುವೆ ಕೆಟ್ಟಿದ್ರೆ? ಮೊದಲಿಂದ ಚೆಕ್ ಮಾಡ್ರಿ,” ಅಂದೆ. ಮುಗಿದ ಮೇಲೆ ಮತ್ತೆ ಅನುಮಾನ ಎತ್ತಿದೆ. ನಾಲ್ಕನೇ ಸಲಕ್ಕೆ ಅವರು ಮೌಸ್ ನನ್ನ ಕೈಗಿಟ್ಟು, “ನೀವೇ ಚೆಕ್ ಮಾಡ್ಕೋತ ಕೂಡ್ರಿ,” ಅಂತ ಚಾ ಕುಡಿಯಲು ಹೋದರು.

ವಾಪಸು ಬಂದವರು ನನ್ನ ಮುಖ ನೋಡಿ ಕೇಳಿದರು: “ಎಲ್ಲ ಸರಿ ಐತೇನ್ರಿ?”

“ಫೈಲ್ ಸರಿ ಐತ್ರಿ,” ಅಂದೆ.