ಹುಬ್ಬಳ್ಳಿಯಲ್ಲಿ ಇದ್ದ ಮಗಳು

ನಾನು ಹಾವೇರಿಯಲ್ಲಿ ಬಸ್ ಹತ್ತಿದಾಗ ಆ ಹುಡುಗಿ ಹುಬ್ಬಳ್ಳಿಯಲ್ಲಿದ್ದಳು. ಮೋಟೆಬೆನ್ನೂರು ಬರುವಷ್ಟರಲ್ಲಿ ಗೋವಾಕ್ಕೆ ಹೋಗಿದ್ದಳು. ರಾಣೆಬೆನ್ನೂರಿನಲ್ಲಿ ನಾನು ಇಳಿಯುವ ಹೊತ್ತಿಗೆ ಕುಮಾರಪಟ್ಟಣದ ಹತ್ತಿರ ಹೊಳೆಗೆ ಹಾರಿ ಸತ್ತೇ ಹೋಗಿದ್ದಳು.

ಟಿಕೆಟ್ ತೆಗೆದುಕೊಂಡಿದ್ದು ನಾನು. ಊರೂರು ತಿರುಗಿದ್ದು ಅವಳು. (ನನ್ನದು ಫ್ರೀ ಟಿಕೆಟ್, ಅದು ಬೇರೆ ಮಾತು.)

ಬ್ಯಾಡಗಿಯ ಹುಡುಗಿ. ನಸೀಮಾ ಅಂತಿಟ್ಟುಕೊಳ್ಳಿ. (ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.) ಹದಿನೆಂಟು ತುಂಬಿತ್ತು. ಹಾವೇರಿಯ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷ. ಮಳೆಗಾಲದ ಒಂದು ಬೆಳಿಗ್ಗೆ ಎಂದಿನಂತೆ ಬ್ಯಾಗ್ ಹಾಕಿಕೊಂಡು ಹೊರಟವಳು ಕಾಲೇಜು ತಲುಪಲಿಲ್ಲ. ಮನೆಗೂ ಬರಲಿಲ್ಲ. ಫೋನ್ ಸ್ವಿಚ್ಡ್ ಆಫ್. ಪೊಲೀಸರು ಹುಡುಕಿದ್ದಾರೆ, ಈಗಲೂ ಹುಡುಕುತ್ತಿದ್ದಾರೆ. ಮೆಣಸಿನಕಾಯಿ ಸೀಸನ್ ಬಂತು. ಅವಳ ಸುದ್ದಿ ಮಾತ್ರ ಬರಲಿಲ್ಲ.

ಸುದ್ದಿ ಇಲ್ಲದ ಕಡೆ ಏನಿರುತ್ತದೆ? ಥಿಯರಿ ಇರುತ್ತದೆ.

ನನ್ನ ಹಿಂದಿನ ಸೀಟಿನವರ ಪ್ರಕಾರ ಅವಳು ಓಡಿಹೋಗಿದ್ದಾಳೆ. ಯಾರ ಜೊತೆ? ಅಲ್ಲಿ ಮಾತ್ರ ಒಮ್ಮತವಿಲ್ಲ. ಒಬ್ಬರು ಮೊಬೈಲ್ ಅಂಗಡಿಯ ಹುಡುಗನ ಜೊತೆ ಎಂದರು. ಇನ್ನೊಬ್ಬರು ಲಾರಿ ಡ್ರೈವರ್ ಎಂದರು. ಮತ್ತೊಬ್ಬರು ಹುಡುಗನ ಹೆಸರು ಬಿಟ್ಟು ಜಾತಿ ಮಾತ್ರ ಹೇಳಿದರು. ಸ್ವಲ್ಪ ಹೊತ್ತು ಕಿವಿಗೊಟ್ಟ ಮೇಲೆ ನನಗೆ ಇದರ ಸೂತ್ರ ಸಿಕ್ಕಿತು. ಹೇಳುವವರಿಗೆ ಯಾರನ್ನು ಕಂಡರೆ ಆಗುವುದಿಲ್ಲವೋ, ಹುಡುಗಿ ಅವರ ಜೊತೆಯೇ ಓಡಿಹೋಗಿರುತ್ತಾಳೆ!

ನಾನು ರಾಣೆಬೆನ್ನೂರಿಗೆ ಹೋಗಿದ್ದು ಸೋಫಾಕ್ಕೆ ಹೊಸ ಬಟ್ಟೆ ಆರಿಸಲು. ದಾದಾಪೀರ್‌ನದು ಅಲ್ಲಿ ಕುಶನ್ ಅಂಗಡಿ, ಬಹಳ ವರ್ಷದ ಪರಿಚಯ. ಅವನು ಬಟ್ಟೆ ಬಿಚ್ಚಿ ತೋರಿಸುತ್ತಿದ್ದ. ನಾನು ಬಸ್ಸಿನ ಕಥೆಯನ್ನು, ನನ್ನ ಸೂತ್ರವನ್ನೂ ಸೇರಿಸಿ, ಬಣ್ಣ ಹಚ್ಚಿ ಹೇಳಿದೆ. ಹೇಳಿ ನಕ್ಕೆ.

ಅವನು ನಗಲಿಲ್ಲ.

“ಆಕಿ ನಮ್ಮ ಅಕ್ಕನ ಮಗಳ್ರಿ, ಅಕ್ಕಾರ.”

ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಕ್ಷಮೆ ಕೇಳಿದೆ. ಅವನಿಗೆ ಬೇಕಿದ್ದದ್ದು ಕ್ಷಮೆಯಲ್ಲ.

“ನೀವು ಪೇಪರ್‌ನಾಗ ಬರೀತೀರಲ್ರಿ. ಬರೀರಿ. ನಮ್ಮ ಹುಡುಗಿ ಅಂಥಾಕಿ ಅಲ್ಲ ಅಂತ ಬರೀರಿ. ಮಾನ ಹೋಗಾಕತ್ತೈತ್ರಿ. ಬರ್ರಿ, ಆಕಿ ಅವ್ವ, ನಮ್ಮ ಆಪಾನ ಕೂಡ ಮಾತಾಡ್ರಿ, ನಿಮಗ ಗೊತ್ತಾಕ್ಕೈತಿ.”

ಅಂಗಡಿಯ ಶಟರ್ ಎಳೆದು, ಕುಶನ್ ಸಾಗಿಸುವ ವ್ಯಾನಿನಲ್ಲಿ ನನ್ನನ್ನು ಬ್ಯಾಡಗಿಗೆ ಕರೆದುಕೊಂಡು ಹೊರಟ.

ದಾರಿಯುದ್ದಕ್ಕೂ ಅವನ ಥಿಯರಿ ಕೇಳಿದೆ. ನಸೀಮಾ ತಲೆ ಎತ್ತಿ ನಡೆಯದ ಹುಡುಗಿ. ಹಾಗಾಗಿ ಓಡಿಹೋಗಿರಲು ಸಾಧ್ಯವೇ ಇಲ್ಲ. ಯಾರೋ ಎತ್ತಿಕೊಂಡು ಹೋಗಿದ್ದಾರೆ. ಇದನ್ನು ಹೇಳುವಾಗ ಅವನ ದನಿಯಲ್ಲಿ ದುಃಖವಿತ್ತು. ಆದರೆ ಒಂದು ಬಗೆಯ ಸಮಾಧಾನವೂ ಇತ್ತು. ಮಾನ ಉಳಿದ ಸಮಾಧಾನ.

“ಬ್ಯಾಡಗಿ ಬಸ್ ಸ್ಟ್ಯಾಂಡಿನ್ಯಾಗ ಹೂವ ಮಾರಾಕಿ ಒಬ್ಬಾಕಿ ಅದಾಳ್ರಿ. ಹುಬ್ಬಳ್ಳ್ಯಾಗ ಒಬ್ಬ ಹುಡುಗನ ಜೋಡಿ ನಿಮ್ಮ ನಸೀಮಾನ ನೋಡೇನಿ ಅಂತ ಊರೆಲ್ಲಾ ಹೇಳಿದ್ಲು. ನಾ ಬಿಡಲಿಲ್ಲ. ಖರೇ ನೋಡಿದ್ರ ನಡಿ ಠಾಣೇಕ್ಕ ಅಂದೆ. ಇಲ್ಲೋ ಯಪ್ಪಾ, ನಾ ನೋಡಿಲ್ಲ, ಯಾರೋ ಅಂದಿದ್ರು ಅಂತ ಕೈ ಮುಗದ್ಲು. ಆಪಾನ ಮುಂದ ನಿಲ್ಲಿಸಿ ತಪ್ಪಾತು ಅನಿಸೇನ್ರಿ!”

ಮಾಬೂಬಿಯ ಮನೆ ಬಂತು. ಮಾಬೂಬಿ ಅಂದರೆ ದಾದಾಪೀರ್‌ನ ಅಕ್ಕ, ನಸೀಮಾಳ ತಾಯಿ. ಗಂಡ ಇಲ್ಲ. ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತ ಕುಳಿತಿದ್ದಳು. ನನಗೆ ಬಾಗಿಲಲ್ಲೇ ಸೀನು ಶುರುವಾಯಿತು. ನೀರು ಕೊಟ್ಟಳು. ರಾಶಿಯನ್ನು ಆಚೆ ಸರಿಸಿ “ಕುಂದ್ರಿ ಅಕ್ಕಾರ” ಎಂದಳು.

ದಾದಾಪೀರ್ ನಾನು ಯಾರು, ಯಾಕೆ ಬಂದೆ ಎಂದು ಹೇಳಿದ. ಬಸ್ಸಿನಲ್ಲಿ ಮಂದಿ ಎಷ್ಟು ಹೊಲಸು ಮಾತಾಡುತ್ತಿದ್ದಾರೆ ಎಂಬುದನ್ನೂ ಸಿಟ್ಟಿನಿಂದ ಸೇರಿಸಿದ.

ಮಾಬೂಬಿಯ ಕೈ ನಿಂತಿತು. “ಏನಂದ್ರು?”

“ಬ್ಯಾಡ ಬಿಡು ಆಪಾ.”

“ನಿನ್ನ ಕೇಳಿಲ್ಲ. ಅಕ್ಕಾರ, ನೀವು ಹೇಳ್ರಿ. ಏನಂದ್ರು?”

ಹುಬ್ಬಳ್ಳಿ ಅಂದೆ. ಗೋವಾ ಅಂದೆ. ಹೊಳೆಯನ್ನು ನುಂಗಿಕೊಂಡೆ.

“ಗೋವಾಕ್ಕ ಹೋಗ್ಯಾಳಂತ? ಯಾರು ಅಂದ್ರು? ಅವರು ಎಲ್ಲಿ ಇಳದ್ರು?”

ಆ ಮುಖದಲ್ಲಿ ಸಿಟ್ಟು ಹುಡುಕಿದೆ. ಇರಲಿಲ್ಲ. ಹಸಿದವರ ಮುಂದೆ ತಟ್ಟೆ ಇಟ್ಟಾಗ ಕಾಣುವ ಕಣ್ಣುಗಳು ಅವು.

ದಾದಾಪೀರ್‌ಗೆ ತಡೆಯಲಾಗಲಿಲ್ಲ. “ಆ ಹಲ್ಕಟ್ ಮಾತು ಯಾಕ ಕೇಳ್ತಿ ಆಪಾ? ನಮ್ಮ ಹುಡುಗಿ ಅಂಥಾಕಿ ಅಲ್ಲ. ಯಾರೋ ಎತ್ತಿಕೊಂಡ ಹೋಗ್ಯಾರ.”

ಮಾಬೂಬಿ ತಮ್ಮನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಮಾತಾಡಿದಳು.

“ಎಲ್ಲಾರ ಮಾತೂ ತೂಗಿ ನೋಡೇನ್ರಿ ಅಕ್ಕಾರ. ಹೊಳಿಗೆ ಹಾರ್ಯಾಳ ಅಂತಾರ ಕೆಲವರು. ಹಂಗಾದ್ರ ಮುಗದ ಹೋತು. ಈತ ಹೇಳಿದಂಗ ಎತ್ತಿಕೊಂಡ ಹೋಗಿದ್ರ, ಇಷ್ಟ ದಿವಸ ಆಕಿನ್ನ ಏನ ಮಾಡಿರ್ತಾರ? ನೆನಿಸಿಕೊಂಡ್ರ ಗಂಟಲದಾಗ ತುತ್ತು ಇಳಿಯೂದಿಲ್ಲ. ಓಡಿ ಹೋಗ್ಯಾಳ ಅನ್ನೂ ಮಾತಿನ್ಯಾಗ ಅಷ್ಟ ನನ್ನ ಮಗಳು ಹೊತ್ತಿಗೆ ಉಣತಾಳ, ಮಲಗತಾಳ.”

ನಾನು ಸೀನುವುದನ್ನೂ ಮರೆತೆ.

“ಆ ಹೂವಿನಾಕಿ ಕಡೆ ನಾ ದಿನಾ ಹೋಗ್ತಿದ್ದೆ. ಯಾವ ಡ್ರೆಸ್ ಹಾಕಿದ್ಲು? ಸೊರಗ್ಯಾಳೇನು? ಅಂತ ಕೇಳ್ತಿದ್ದೆ. ಇಲ್ಲವ್ವಾ, ನಗಾಕತ್ತಿದ್ಲು ಅಂತ ಹೇಳ್ತಿದ್ಲ್ರಿ ಪಾಪ. ಈತ ಹೋಗಿ ಆಕಿ ಕಡೆಯಿಂದ ತಪ್ಪಾತು ಅನಿಸಿದ. ಅವತ್ತಿನ ತನಕ ನನ್ನ ಮಗಳು ಹುಬ್ಬಳ್ಳ್ಯಾಗ ಇದ್ಲ್ರಿ, ಅಕ್ಕಾರ.”

ದಾದಾಪೀರ್ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದ ಎಂದು ಕಾಣುತ್ತದೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಕಿಟಕಿಯಿಂದ ನೋಡಿದರೆ ವ್ಯಾನಿಗೆ ಒರಗಿ ನಿಂತಿದ್ದ.

“ಹಂಗಾದ್ರ ನಾ ಏನ ಬರೀಲಿ ಮಾಬೂಬಿ?” ಎಂದು ಕೇಳಿದೆ.

“ಓಡಿ ಹೋಗ್ಯಾಳ ಅಂತನ ಬರೀರಿ. ಅವ್ವಗ ಸಿಟ್ಟಿಲ್ಲ ಅಂತ ಬರೀರಿ. ಎಲ್ಲ್ಯಾರ ಓದಿದ್ರ ಫೋನ್ ಮಾಡ್ತಾಳ.”

“ಮಂದಿ ಖರೇ ಅಂತ ತಿಳಕೊಂತಾರಲ್ಲ?”

“ತಿಳಕೊಳ್ಳಲಿ ಬಿಡ್ರಿ. ಮಂದಿ ನಂಬಿದ್ರ ನನಗೂ ನಂಬಾಕ ಹಗುರ ಆಗತೈತಿ.”

ಮಾನ, ಮರ್ಯಾದೆ, ಹೆಣ್ಣುಮಕ್ಕಳು ಎಂದು ಇದೇ ಜಾಗದಲ್ಲಿ ಎಷ್ಟು ವಾರ ಬರೆದಿದ್ದೇನೋ! ಗಾಸಿಪ್ ಮಾಡುವವರನ್ನು ಎಷ್ಟು ಸಲ ಬೈದಿದ್ದೇನೋ! ಬಸ್ಸಿನ ಆ ಹರಟೆಮಲ್ಲರು ಒಬ್ಬ ತಾಯಿಗೆ ಗೊತ್ತಿಲ್ಲದೆಯೇ ಉಪಕಾರ ಮಾಡುತ್ತಿರಬಹುದು ಎಂಬ ಸಾಧ್ಯತೆ ನನ್ನ ತಲೆಗೆ ಹೊಳೆದಿರಲಿಲ್ಲ.

ದಾದಾಪೀರ್ ಒಳಗೆ ಬಂದ. ಕಣ್ಣು ಕೆಂಪಾಗಿತ್ತು. (ಮೆಣಸಿನಕಾಯಿ ಘಾಟು ಅಂತ ನಾವು ಮೂವರೂ ಒಪ್ಪಿಕೊಂಡೆವು.)

“ಅಕ್ಕಾರ, ಮಾಮು ಬೈಯೂದಿಲ್ಲ ಅಂತ ಬರೀರಿ. ಅಂವನ್ನೂ ಕರಕೊಂಡ ಬಾ ಅಂತ ಬರೀರಿ. ಅಂವ ಯಾವ ಜಾತ್ಯಾಂವ ಆಗಿದ್ರೂ…”

ಅಲ್ಲಿಗೆ ನಿಂತ. ಆ ವಾಕ್ಯ ದಾಟಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮಾಬೂಬಿ ಮೆಣಸಿನಕಾಯಿ ಬಿಡಿಸುತ್ತಲೇ ಕಾಯುತ್ತಿದ್ದಳು.

“ಇರಲಿ. ಬರೀರಿ,” ಎಂದ.

ಮೊನ್ನೆ ಅವನ ಫೋನ್ ಬಂತು. ಸೋಫಾ ಬಟ್ಟೆಯ ವಿಚಾರ ಇರಬಹುದು ಎಂದು ಎತ್ತಿದೆ. ಹಿಂದೆ ಬಸ್ಸುಗಳ ಸದ್ದು. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿದ್ದ. ನಸೀಮಾಳ ಫೋಟೋ ಹಿಡಿದುಕೊಂಡು ಒಂದೊಂದೇ ಅಂಗಡಿಗೆ ತೋರಿಸುತ್ತಿದ್ದನಂತೆ. ಜೊತೆಗೆ ಯಾರನ್ನು ಕರೆದುಕೊಂಡು ಹೋಗಿದ್ದ ಗೊತ್ತೇ? ಆ ಹೂವಿನ ಹೆಂಗಸನ್ನು. “ಆಕಿಗೆ ಹೇಳಿದವರು ಯಾರು ಅಂತ ಹುಡುಕಾಕತ್ತೇವ್ರಿ,” ಎಂದ. ಯಾರೂ ಸಿಕ್ಕಿರಲಿಲ್ಲ. ಇಂದಿನವರೆಗೂ ಸಿಕ್ಕಿಲ್ಲ.

ಪೊಲೀಸರ ಕೆಲಸ ಪೊಲೀಸರು ಮಾಡಲಿ. ಸತ್ಯ ಯಾವುದು ಎಂಬುದು ನನಗೆ ಗೊತ್ತಿಲ್ಲ. ಅವರಿಬ್ಬರೂ ಹೇಳಿದಂತೆ ಬರೆದಿದ್ದೇನೆ, ಅಷ್ಟೇ. ಕೇಳಮ್ಮಾ ಹುಡುಗಿ, ಈ ಪುಟ ನಿನ್ನ ಕೈಗೆ ಸಿಕ್ಕಿದರೆ ಒಂದೇ ಒಂದು ಫೋನ್ ಮಾಡು. ಎಲ್ಲಿದ್ದೀಯ ಎಂದು ಹೇಳದಿದ್ದರೂ ಪರವಾಗಿಲ್ಲ.

ಇನ್ನು ಉಳಿದವರು ನಾವು. “ನಮ್ಮ ಹುಡುಗಿ ಅಂಥವಳಲ್ಲ” ಎಂದು ಎದೆ ತಟ್ಟಿ ಹೇಳುವವರು. ಅಂಥವಳೇ ಆಗಿರಲಿ ದೇವರೇ ಎಂದು ಐದು ಹೊತ್ತೂ ಬೇಡುವ ತಾಯಿಯ ಮುಂದೆ ಕುಳಿತು ಈ ಮಾತನ್ನು ಇನ್ನೊಮ್ಮೆ ಹೇಳಬಲ್ಲೆವೇ?