ವೈಶಾಖದ ಸ್ವೆಟರ್

ಪೆಟ್ಟಿಗೆಯ ತಳದಿಂದ ಆ ಕೆಂಪು ಸ್ವೆಟರ್ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಇದನ್ನು ಯಾರಿಗಾದರೂ ಕೊಟ್ಟುಬಿಡುವ ಎಂದಳು ಸೊಸೆ. ಕೊಡುವುದಿಲ್ಲ ಎಂದೆ. ಅದು ಎದುರುಮನೆಯವಳದ್ದು.

ತೊಂಬತ್ತರ ದಶಕದ ಮಾತು. ನಮ್ಮವರು ಸೂರತ್ ಸ್ಟೇಷನ್ ಹತ್ತಿರ ಇಡ್ಲಿ-ದೋಸೆಯ ಹೋಟೆಲು ನಡೆಸುತ್ತಿದ್ದರು. ಎದುರುಮನೆಯವಳ ಗಂಡ ಊರಾಚೆ ಸಚಿನ್ ಎಂಬಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದ. ಅವರೂ ಉಡುಪಿ ಕಡೆಯವರೇ. ಮದುವೆಯಾಗಿ ಬಂದಾಗ ಆಕೆ ಮಾತಿನ ಮಲ್ಲಿ. ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲರ ಸುಖದುಃಖ ಕೇಳಿ ಮುಗಿಸುತ್ತಿದ್ದಳು. ಹೆರಿಗೆಯಲ್ಲಿ ಹೇಳತೀರದಷ್ಟು ರಕ್ತ ಹೋಯಿತು. ಬದುಕಿ ಬಂದಳು. ಆದರೆ ಬಂದವಳು ಬೇರೆಯೇ... ವೈಶಾಖದ ಸೆಕೆಗೆ ನಾವೆಲ್ಲ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರೆ ಆಕೆ ಸ್ವೆಟರ್ ತೊಟ್ಟು ಕೂರುತ್ತಿದ್ದಳು. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ಮುಖದಲ್ಲಿ ಏನೂ ಇಲ್ಲ. ಯಾರು ಕಷ್ಟ ಹೇಳಿಕೊಂಡರೂ 'ಹ್ಞೂಂ', ಅಷ್ಟೇ.

ಕೆಳಗಿನ ಮನೆಯ ಗುಜರಾತಿ ಅಜ್ಜಿ ತೀರಿಕೊಂಡರು. ಎದುರುಮನೆಯವಳ ಮಗುವಿಗೆ ದಿನಾ ಎಣ್ಣೆ ತಿಕ್ಕಿ ಮೀಯಿಸಿದವರು ಅವರೇ. ಹೆಂಗಸರೆಲ್ಲ ಬಿಳಿ ಸೀರೆ ಉಟ್ಟು ಕೂತು ಅಳುತ್ತಿದ್ದೆವು. ಈಕೆ ಒಣಗಣ್ಣಿನಲ್ಲಿ ಕೂತಳು, ಎದ್ದಳು, ಕೈಮುಗಿದು "ಆವಜೋ" ಎಂದಳು. ಹೊರಡುವಾಗ ಗುಜರಾತಿಗಳು ಹೇಳುವ ಮಾತು ಅದು, 'ಮತ್ತೆ ಬನ್ನಿ' ಎಂದು. ಸಾವಿನ ಮನೆಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ನಮ್ಮಲ್ಲೂ ಹಾಗೆಯೇ, ಸೂತಕದ ಮನೆಯಿಂದ 'ಬರ್ತೇನೆ' ಎನ್ನದೆ ಎದ್ದು ಬರಬೇಕು. ಅಳುತ್ತಿದ್ದವರ ಅಳು ನಿಂತಿತು.

ಊರಿನಿಂದ ಬಂದಿದ್ದ ಅವಳ ಅತ್ತೆಗೆ ಅಷ್ಟೇ ಸಾಕಾಯಿತು. ಕರುಳಿಲ್ಲದವಳು, ಕಲ್ಲು, ತವರಿಗೆ ಕಳಿಸುವುದು, ಮಗು ಇಲ್ಲೇ ಇರಲಿ ಎಂದರು. ಗಂಡ ತಲೆತಗ್ಗಿಸಿ ಕೂತಿದ್ದ. ಎಂತ ಮಾರಾಯ್ತಿ, ನಿನಗೆ ಮಗು ಬೇಡವಾ ಎಂದು ನಾನು ಆಕೆಯನ್ನೇ ಕೇಳಿದೆ.

"ಬೇಕು ಅಕ್ಕ. ಅಳ್ಬೇಕು ಅಂತ ಸಹ ಗೊತ್ತಾಗ್ತದೆ. ಬರುದಿಲ್ಲ."

ನನ್ನ ಮೈ ಉರಿಯಿತು. ಅತ್ತೆಯ ಎದುರು ಹೋಗಿ ನಿಂತೆ.

"ಕಲ್ಲಿಗೆ ಚಳಿ ಆಗುದುಂಟಾ ಅಮ್ಮ? ಇವಳಿಗೆ ಈ ಸೆಕೆಯಲ್ಲಿ ಚಳಿ ಆಗ್ತದೆ. ಮೊದಲು ಡಾಕ್ಟರಿಗೆ ತೋರಿಸುವ."

"ಹೋಟೆಲಿನವಳಿಗೆ ಡಾಕ್ಟರಿಕೆ ಸಹ ಬರ್ತದಾ?"

ಬರುವುದಿಲ್ಲ, ಕಣ್ಣು ಕಾಣುತ್ತದೆ ಎಂದೆ. ಅವಳ ಗಂಡನನ್ನು ಎಬ್ಬಿಸಿ, ಮೂವರೂ ರೈಲು ಹತ್ತಿ ವಡೋದರಾದ ದೊಡ್ಡ ಡಾಕ್ಟರ ಹತ್ತಿರ ಹೋದೆವು.

ಹೆತ್ತ ಮೇಲೆ ಎದೆಹಾಲು ಬಂತಾ ಎಂದು ಅವರು ಕೇಳಿದರು. ಒಂದು ತೊಟ್ಟೂ ಬಂದಿರಲಿಲ್ಲ. ಅತ್ತೆ ಅದನ್ನೂ ಕಲ್ಲುಮನಸ್ಸಿನ ಲೆಕ್ಕಕ್ಕೇ ಹಾಕಿದ್ದರು. ಮುಟ್ಟು? ಅದೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿ ಹಿಂದಿಯಲ್ಲಿ ಹೇಳಿದರು: ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಉಂಟು, ಹೆರಿಗೆಯಲ್ಲಿ ರಕ್ತ ಹೋಗಿ ಅದು ಒಣಗಿದೆ. ಮೈಯನ್ನು ನಡೆಸುವ ರಸಗಳು ಅದರ ಮಾತು ಕೇಳುತ್ತವೆ. ಅವು ಕಡಿಮೆಯಾದರೆ ಮೈ ತಣ್ಣಗಾಗುತ್ತದೆ. ಕೆಲವರಿಗೆ ಮನಸ್ಸೂ ಮಂಕಾಗುತ್ತದೆ, ಇನ್ನೊಬ್ಬರ ಮುಖ ನೋಡಿ ಕರಗುವುದು ಕಷ್ಟವಾಗುತ್ತದೆ. ಆ ಕಾಯಿಲೆಯ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಕಲ್ಲು ಅಂತೂ ಅಲ್ಲ.

ಮಾತ್ರೆ ಶುರುವಾಯಿತು. ಜೀವನಪೂರ್ತಿ ಎಂದಿದ್ದರು. ನಿಧಾನಕ್ಕೆ ಸ್ವೆಟರ್ ಕಳಚಿತು. ನಿಮಗೇ ಇರಲಿ ಎಂದು ನನಗೆ ಕೊಟ್ಟಳು. ಒಂದು ದಿನ ಮಗು ಬೆಲ್ಲವೆಂದು ಸಾಬೂನು ಕಚ್ಚಿ ಮುಖ ಕಿವುಚಿತು, ಆಕೆ ನಕ್ಕಳು. ಅತ್ತೆ ಒಬ್ಬರೇ ಊರಿಗೆ ಹೋದರು. ಮಗು ಅಮ್ಮನ ಹತ್ತಿರವೇ ಬೆಳೆಯಿತು. ಹಳೆಯ ಮಾತಿನ ಮಲ್ಲಿ ಪೂರ್ತಿ ಬಂದಳಾ? ಇಲ್ಲ. ಸಾವಿನ ಮನೆಯಲ್ಲಿ ಆಕೆಗೆ ಕೊನೆಯವರೆಗೂ ಅಳು ಬರಲಿಲ್ಲ. ಬರದಿದ್ದರೆ ಏನಾಯಿತು? ಗೋಳೋ ಎಂದು ಅತ್ತು ಮನೆಗೆ ಹೋಗಿ ಸೊಸೆಯನ್ನು ಹೊರಗೆ ಹಾಕಿದವರನ್ನೂ ಕಂಡಿದ್ದೇನೆ.

ಹೋದ ವರ್ಷ ಆಕೆ ತೀರಿಕೊಂಡಳು. ಬಿಳಿ ಸೀರೆಯವರು ಸುತ್ತ ಕೂತು, ಪಾಪ, ಸ್ವಲ್ಪ ಕಲ್ಲುಮನಸ್ಸು, ಆದರೂ ಒಳ್ಳೆಯವಳು ಎನ್ನುತ್ತಿದ್ದರು. ನಾನು ಅಳಲಿಲ್ಲ. ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಬರ್ತೇನೆ ಮಾರಾಯ್ತಿ."

ಎಲ್ಲರೂ ತಿರುಗಿ ನೋಡಿದರು. ನೋಡಲಿ.

ಸ್ವೆಟರ್ ಮಡಚಿ ಹೊಸ ನುಸಿಗುಳಿಗೆ ಹಾಕಿಟ್ಟೆ. ಅವಳಿದ್ದಾಗ, ಅವಳ ಮನೆಯಿಂದ ಏಳುವಾಗ ನಾನು ಬರ್ತೇನೆ ಎಂದರೆ ಒಳಗಿನಿಂದ ಒಂದು 'ಹ್ಞೂಂ' ಬರುತ್ತಿತ್ತು... ಈಗ ಅದೊಂದಿಲ್ಲ.